ಹೇಳದೆ ಇಟ್ಟುಕೊಂಡ ಮೂರಾಣೆ

ಮೂಡಿಗೆರೆಯ ಪೇಟೆಬೀದಿಯಲ್ಲಿ, ಜನ ತುಂಬಿದ ಅಂಗಡಿಯೊಂದರ ಮುಂದೆ ನಿಂತು, ನಾನು ಒಬ್ಬ ಹಿರಿಯರನ್ನು ಕಳ್ಳ ಎಂದು ಕರೆದಾಗ ನನಗೆ ಇಪ್ಪತ್ತಮೂರು ವರ್ಷ. ಆಗ ಅವರಿಗೆ ಎಷ್ಟು ವಯಸ್ಸಾಗಿತ್ತೋ ಈಗ ನನಗೂ ಹೆಚ್ಚುಕಡಿಮೆ ಅಷ್ಟಾಗಿದೆ. ಮಕ್ಕಳಿಗೆ ಈ ಸಂಗತಿಯನ್ನು ನಾನು ಹೇಳಿಲ್ಲ. ನನ್ನ ಯಜಮಾನರು ಬದುಕಿರುವವರೆಗೂ ಇದನ್ನು ನಗೆಯ ಕಥೆಯಾಗಿ ನೆಂಟರಿಗೆಲ್ಲ ಹೇಳುತ್ತಿದ್ದರು. ಅವರಿಗೆ ಗೊತ್ತಿದ್ದದ್ದು ಅರ್ಧ ಮಾತ್ರ.

ಎರಡನೆಯ ಮಹಾಯುದ್ಧದ ಕಾಲ ಅದು. ಜಾವಳಿಯ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ನನ್ನ ಯಜಮಾನರು ರೈಟರ್ ಆಗಿದ್ದರು. ಆಳುಗಳ ಹಾಜರಿ ಬರೆಯುವುದು, ಪಾರ್ಚ್‌ಮೆಂಟ್ ಎಂಬ ಒಣಗಿಸಿದ ಕಾಫಿಬೀಜದ ಮೂಟೆಗಳ ತೂಕ ನೋಡುವುದು, ಬಂಗಲೆಯವರ ಹತ್ತಿರವೂ ಕೂಲಿಲೈನಿನವರ ಹತ್ತಿರವೂ ಬೈಸಿಕೊಳ್ಳುವುದು, ಇವಿಷ್ಟು ರೈಟರ ಕೆಲಸ. ವಾರಕ್ಕೊಮ್ಮೆ, ಸಂತೆಯ ದಿನ, ಆಳುಗಳ ಅಕ್ಕಿ ತರಲು ಎಸ್ಟೇಟಿನ ಲಾರಿ ಮೂಡಿಗೆರೆಗೆ ಹೋಗುತ್ತಿತ್ತು. ಪೆಟ್ರೋಲು ಸಿಗುತ್ತಿರಲಿಲ್ಲವಾದ್ದರಿಂದ ಲಾರಿಯ ಬೆನ್ನಿಗೆ ಹಂಡೆಯಂಥ ಒಂದು ಉಪಕರಣ ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಆ ಹೊಗೆಯಲ್ಲೇ ಎಂಜಿನ್ ಓಡಿಸುತ್ತಿದ್ದರು. ಏರು ಬಂದರೆ ಅದು ಕೆಮ್ಮುತ್ತಾ ನಿಂತುಬಿಡುತ್ತಿತ್ತು. ಎಲ್ಲರೂ ಇಳಿದು ತಳ್ಳಬೇಕು. ರೈಟರ ಹೆಂಡತಿ ಎಂಬ ಗೌರವಕ್ಕೆ ನಾನು ಮಾತ್ರ ಇಳಿಯದೆ ಮುಂದಿನ ಸೀಟಿನಲ್ಲೇ ಕೂತಿರುತ್ತಿದ್ದೆ.

ಮನೆಯ ಸಾಮಾನಿಗೆಂದು ಯಜಮಾನರು ವಾರಕ್ಕೆ ಒಂದು ರೂಪಾಯಿ ಕೊಡುತ್ತಿದ್ದರು. ಉಳಿದ ಚಿಲ್ಲರೆ ನನ್ನದು. ಹಾಗಂತ ಅವರೇನೂ ಬಾಯಿಬಿಟ್ಟು ಹೇಳಿರಲಿಲ್ಲ. ಕೇಳುತ್ತಿರಲಿಲ್ಲ, ನಾನೂ ಕೊಡುತ್ತಿರಲಿಲ್ಲ. ಅದನ್ನು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿ ಅಕ್ಕಿಯ ಮಡಕೆಯ ಹಿಂದೆ ಇಡುತ್ತಿದ್ದೆ. ನನ್ನ ತವರು ಅತ್ತಿಗುಂಡಿ. ಅಲ್ಲಿ ಅಮ್ಮ ಕಾಲುನೋವಿನಿಂದ ಮಲಗಿದ್ದಳು. ಮೂಡಿಗೆರೆಯಿಂದ ಚಿಕ್ಕಮಗಳೂರಿಗೆ ಬಸ್ಸು, ಅಲ್ಲಿಂದ ಗಾಡಿ, ಮೇಲೆ ಒಂದಷ್ಟು ನಡಿಗೆ. ಹೋಗಿಬರಲು ಎರಡು ರೂಪಾಯಿಯಾದರೂ ಬೇಕು. 'ಅಮ್ಮನನ್ನು ನೋಡಿ ಬರ್ತೀನಿ' ಎಂದರೆ ಯಜಮಾನರು 'ಹೋಗಿ ಬಾ' ಎನ್ನುತ್ತಿದ್ದರು, ಜೇಬಿಗೆ ಮಾತ್ರ ಕೈ ಹಾಕುತ್ತಿರಲಿಲ್ಲ. ಹಾಗಾಗಿ ಆ ಡಬ್ಬಿಯೊಳಗಿನ ಪ್ರತಿಯೊಂದು ಆಣೆಯೂ ನನಗೆ ಅಮ್ಮನ ಮನೆಯತ್ತ ಒಂದು ಮೈಲಿ ಇದ್ದ ಹಾಗೆ.

ನಾವು ಸಾಮಾನು ತರುತ್ತಿದ್ದ ಅಂಗಡಿ ಪೇಟೆಬೀದಿಯ ಮಧ್ಯದಲ್ಲಿತ್ತು. ಅಂಗಡಿಯವರು ಶೈವರು, ನಮ್ಮ ಹಾಗೇ ವಿಭೂತಿ ಹಚ್ಚುವವರು. ಯಜಮಾನನಿಗೆ ಮೂವತ್ತೈದು ಇರಬಹುದು. ತಕ್ಕಡಿಯ ಹತ್ತಿರ ನಿಂತು ತೂಗುತ್ತಾ, ಒಟ್ಟು ಎಷ್ಟಾಯಿತೆಂದು ಗಟ್ಟಿಯಾಗಿ ಕೂಗಿ ಹೇಳುತ್ತಿದ್ದ. ಪಕ್ಕದ ಎತ್ತರದ ಗದ್ದಿಗೆಯ ಮೇಲೆ ಗಲ್ಲೆಪೆಟ್ಟಿಗೆ ಇಟ್ಟುಕೊಂಡು ಅವನ ದೊಡ್ಡಪ್ಪ ಕೂತಿರುತ್ತಿದ್ದರು. ದುಡ್ಡು ತೆಗೆದುಕೊಂಡು ಚಿಲ್ಲರೆ ಕೊಡುವುದು ಅವರ ಕೆಲಸ. ಹಿಂದೆ ಕಳಸದಲ್ಲಿ ಅವರದೇ ಅಂಗಡಿ ಇತ್ತಂತೆ, ಮುಳುಗಿಹೋಯಿತಂತೆ. ಹೆಂಡತಿ ತೀರಿಕೊಂಡ ಮೇಲೆ ತಮ್ಮನ ಮಗನ ಮನೆಗೆ ಬಂದು ಸೇರಿಕೊಂಡಿದ್ದರು. ಎಲ್ಲರೂ ಅವರನ್ನು ಅಜ್ಜ ಎಂದೇ ಕರೆಯುತ್ತಿದ್ದದ್ದು.

ಆ ಕಾಲದಲ್ಲಿ ಚಿಲ್ಲರೆ ಎಂಬುದು ಊರಿಗೇ ಬರ ಬಿದ್ದ ಪದಾರ್ಥ. ತಾಮ್ರದ ಕಾಸು ಎಲ್ಲಿ ಹೋಯಿತೋ ಕಾಣೆ. ಕಾಸಿಗೆ ಬದಲು ಎರಡು ಅಡಿಕೆಯನ್ನೋ, ನಾಲ್ಕು ಬೆಂಕಿಕಡ್ಡಿಯನ್ನೋ ಅಂಗಡಿಗಳಲ್ಲಿ ಕೈಗೆ ಹಾಕುತ್ತಿದ್ದರು. ಹೊಸದಾಗಿ ಬಂದ ಹಿತ್ತಾಳೆ ಬಣ್ಣದ ನಾಣ್ಯಗಳಲ್ಲಿ ಅರ್ಧಾಣೆಯೂ ಚೌಕ, ಎರಡಾಣೆಯೂ ಚೌಕ. ಎರಡಾಣೆ ಒಂದಿಷ್ಟು ದೊಡ್ಡದು, ಅಷ್ಟೇ. ಒಂದಾಣೆಗಾದರೆ ಅಂಚು ಅಲೆಅಲೆಯಾಗಿತ್ತು, ಯಾರಿಗಾದರೂ ಗೊತ್ತಾಗುತ್ತಿತ್ತು.

ಮೊದಲ ಸಲ ನನಗೆ ಕಡಿಮೆ ಬಂದದ್ದು ಹೀಗೆ. ಹದಿಮೂರಾಣೆಯ ಸಾಮಾನಾಗಿತ್ತು. ಒಂದು ರೂಪಾಯಿ ಕೊಟ್ಟೆ. ಅಜ್ಜ ಎರಡು ನಾಣ್ಯ ಕೊಟ್ಟರು, ನಾನು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ಮನೆಗೆ ಬಂದು ಬಿಚ್ಚಿದರೆ ಒಂದಾಣೆಯ ಜೊತೆ ಇರಬೇಕಾದ ಎರಡಾಣೆಯ ಜಾಗದಲ್ಲಿ ಅರ್ಧಾಣೆ. ಒಂದೂವರೆ ಆಣೆ ಹೋಯಿತು. ಆ ಸಂಜೆ ಯಜಮಾನರಿಗೆ ಹುಳಿಯಿಲ್ಲದ ಸಾರು ಬಡಿಸಿದೆ. ಕೋಪದಲ್ಲಿ ಹುಣಿಸೆಹಣ್ಣು ಹಾಕುವುದೇ ಮರೆತುಹೋಗಿತ್ತು.

ಎರಡು ವಾರ ಬಿಟ್ಟು ಅದೇ ಅಂಗಡಿಯಲ್ಲಿ ಹದಿನೈದೂವರೆ ಆಣೆಯ ಸಾಮಾನು ಕೊಂಡೆ. ಬರಬೇಕಾದದ್ದು ಅರ್ಧಾಣೆ. ಅಜ್ಜ ನನ್ನ ಅಂಗೈಗೆ ಹಾಕಿದ್ದು ಎರಡಾಣೆ. ಈ ಸಲ ನನಗೆ ಅಲ್ಲೇ ಗೊತ್ತಾಯಿತು. ಬೆರಳು ಮಡಚಿಕೊಂಡೆ. 'ಹೋದದ್ದು ಬಂತು, ದೇವರು ದೊಡ್ಡವನು' ಎಂದುಕೊಂಡು ಬೇಗ ಬೇಗ ಲಾರಿಯ ಕಡೆ ನಡೆದೆ.

ಆಮೇಲೆ ಇನ್ನೊಂದು ಸಲ ಒಂದೂವರೆ ಆಣೆ ಕಡಿಮೆ ಬಂತು. ಆಮೇಲೆ ಇನ್ನೊಂದು ಸಲ ಅಷ್ಟೇ ಹೆಚ್ಚು ಬಂತು. ಹೆಚ್ಚು ಬಂದಾಗ ಎರಡನೆಯ ಸಲವೂ ನಾನು ಬಾಯಿ ಬಿಡಲಿಲ್ಲ. ಕಳ್ಳನಾದವನು ಹೆಚ್ಚು ಕೊಡುತ್ತಾನೆಯೇ ಎಂಬ ಪ್ರಶ್ನೆ ನನಗೆ ಹೊಳೆಯಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆಯಿತು. ಲಾರಿ ಏರು ಹತ್ತದೆ ನಿಂತಿದ್ದಾಗ, ಆಳುಗಳು ಹಿಂದಿನಿಂದ ತಳ್ಳುತ್ತಿದ್ದಾಗ, ಸೀಟಿನಲ್ಲಿ ಕೂತು ಅದನ್ನೇ ಯೋಚಿಸಿದೆ. ಹೆಚ್ಚು ಬಂದದ್ದು ನನ್ನ ಅದೃಷ್ಟ, ಕಡಿಮೆ ಬಂದದ್ದು ಅವರ ಮೋಸ ಎಂದು ಎರಡನ್ನೂ ಬೇರೆ ಬೇರೆ ಮಾಡಿಟ್ಟುಕೊಂಡೆ. ನಿಜ ಹೇಳಬೇಕೆಂದರೆ ಆ ಹೊತ್ತಿಗೆ ಅವರು ನನಗೆ ಒಂದು ಕಾಸೂ ಕೊಡಬೇಕಾಗಿರಲಿಲ್ಲ.

ಕಾಫಿ ಹಣ್ಣು ಕುಯ್ಯುವ ಕಾಲದ ಒಂದು ಸಂತೆಯ ದಿನ. ಎಲ್ಲ ಎಸ್ಟೇಟುಗಳ ಆಳುಗಳಿಗೂ ಕೂಲಿ ಸಿಕ್ಕಿತ್ತು, ಅಂಗಡಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಆ ದಿನ ನಾನು ಸಿದ್ಧವಾಗಿಯೇ ಹೋಗಿದ್ದೆ. ಮತ್ತೆ ಹದಿಮೂರಾಣೆ ಆಗುವ ಹಾಗೆ ಲೆಕ್ಕ ಹಾಕಿ ಸಾಮಾನು ಕಟ್ಟಿಸಿದೆ. ರೂಪಾಯಿ ಕೊಟ್ಟು ಅಜ್ಜನ ಕೈಯನ್ನೇ ನೋಡುತ್ತಾ ನಿಂತೆ. ಅವರು ಪೆಟ್ಟಿಗೆಯೊಳಗೆ ಕೈ ಆಡಿಸಿ ಒಂದಾಣೆ ತೆಗೆದರು. ಆಮೇಲೆ ಚೌಕದ ಒಂದು ನಾಣ್ಯ ತೆಗೆದರು. ಅದು ಅರ್ಧಾಣೆ, ನನಗೆ ಕಾಣಿಸುತ್ತಿತ್ತು. ಹೆಬ್ಬೆರಳಿನಿಂದ ಅದರ ಅಂಚನ್ನು ಒಂದು ಸುತ್ತು ಸವರಿದರು. ಮೂಗಿನ ಹತ್ತಿರ ತಂದು ಹಿಡಿದರು. ಮತ್ತೆ ಸವರಿದರು. 'ಅಜ್ಜ, ಅದು ಅರ್ಧಾಣೆ' ಎಂದು ಆಗಲೇ ಹೇಳಬಹುದಿತ್ತು. ಒಂದು ಮಾತು. ನಾನು ಹೇಳಲಿಲ್ಲ. ಅದು ನನ್ನ ಕೈಗೆ ಬೀಳಲಿ, ಸಿಕ್ಕಿಬೀಳಲಿ ಎಂದು ಕಾದೆ.

ಬಿತ್ತು.

"ಅಜ್ಜ, ಇದೇನು ಕೊಟ್ರಿ?" ಎಂದೆ, ಎಲ್ಲರಿಗೂ ಕೇಳುವ ಹಾಗೆ.

"ಮೂರಾಣೆ ತಾಯಿ."

"ಎಲ್ಲಿದೆ ಮೂರಾಣೆ? ಇದು ಅರ್ಧಾಣೆ, ಎರಡಾಣೆ ಅಲ್ಲ. ಇದು ಮೂರ್ನೇ ಸಲ. ಹೆಂಗಸ್ರು ಎಣಿಸಲ್ಲ ಅಂತ ಅಂದ್ಕೊಂಡ್ರಾ? ಹಣೆ ತುಂಬ ವಿಭೂತಿ ಬಳ್ಕೊಂಡು ಕೂತು ಕಳ್ಳತನ ಮಾಡ್ತೀರಲ್ಲ, ನಾಚ್ಕೆ ಆಗಲ್ವಾ? ಕಳ್ಳರು ಕಾಡಲ್ಲಿರ್ತಾರೆ ಅಂತಿದ್ರು, ಗದ್ದಿಗೆ ಮೇಲೇ ಕೂತಿದ್ದಾರಲ್ಲ!"

ತಕ್ಕಡಿಯ ಬಟ್ಟಲು ಮರದ ಹಲಗೆಗೆ ತಾಗಿ ಟಕ್ ಎಂದದ್ದು ನೆನಪಿದೆ. ಅಂಗಡಿಯ ಯಜಮಾನ ಬಂದ. ನನ್ನನ್ನು ನೋಡಿದ, ಅಜ್ಜನನ್ನು ನೋಡಿದ.

"ಒಟ್ಟು ಎಷ್ಟಮ್ಮ ನಿಮ್ಗೆ ಬರ್ಬೇಕಾದ್ದು?"

"ನಾಲ್ಕೂವರೆ ಆಣೆ," ಎಂದೆ. ಮೂರು ಸಲಕ್ಕೆ ಒಂದೂವರೆಯಂತೆ. ಎಷ್ಟು ಚೆನ್ನಾಗಿ ಲೆಕ್ಕ ಬರುತ್ತಿತ್ತು ನನಗೆ!

ಅವನು ತಾನೇ ಪೆಟ್ಟಿಗೆಗೆ ಕೈ ಹಾಕಿ ನಾಲ್ಕೂವರೆ ಆಣೆ ತೆಗೆದು ಕೊಟ್ಟ. ಅಜ್ಜ ಬಾಯಿ ತೆರೆದರು, ಮುಚ್ಚಿದರು, ಕೊನೆಗೆ "ತಪ್ಪಾಯ್ತು ತಾಯಿ" ಎಂದರು. ಎದ್ದು ಗದ್ದಿಗೆಯಿಂದ ಇಳಿಯಲು ಹೋದರು. ಕಾಲು ಚಾಚಿ ಮೆಟ್ಟಿಲನ್ನು ಹುಡುಕುತ್ತಿದ್ದರು. ಪಾದ ನಡುಗುತ್ತಿತ್ತು. ನಾಚಿಕೆಗೆ ನಡುಗುತ್ತಿದ್ದಾರೆ ಎಂದುಕೊಂಡೆ. ಒಳಬಾಗಿಲಿನ ಕಂಬವನ್ನು ಕೈಯಿಂದ ಮುಟ್ಟಿ ನೋಡಿಕೊಂಡು ಒಳಗೆ ಹೋದರು. ನನ್ನ ಹಿಂದೆ ನಿಂತಿದ್ದವರು ಯಾರೂ ಒಂದು ಮಾತನ್ನೂ ಆಡಲಿಲ್ಲ. ಅವರೆಲ್ಲ ನನ್ನ ಧೈರ್ಯಕ್ಕೆ ಬೆರಗಾಗಿದ್ದಾರೆ ಎಂದು ನಾನು ತಿಳಿದೆ.

ಲಾರಿಯ ಇದ್ದಿಲು ಹಂಡೆಯನ್ನು ಪ್ರತಿ ವಾರವೂ ಚೊಕ್ಕ ಮಾಡಿಸಬೇಕಿತ್ತು. ಆ ಕೆಲಸ ಮಾಡುತ್ತಿದ್ದದ್ದು ಬಸ್ಸು ನಿಲ್ಲುವ ಜಾಗದ ಆಚೆಗಿನ ಒಬ್ಬ ಮುಸಲ್ಮಾನ ಮೆಕ್ಯಾನಿಕ್. ಅದು ಮುಗಿಯುವವರೆಗೂ ಶೆಡ್ಡಿನ ಹಿಂದಿನ ಅವನ ಮನೆಯಲ್ಲಿ, ಅವನ ಹೆಂಡತಿಯ ಜೊತೆ ಕೂತಿರುವುದು ನನ್ನ ರೂಢಿ. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು. ಲಾರಿಗಳಿಗೆ ಹಾಕುವ ಇದ್ದಿಲನ್ನು ಒಡೆದು ಜಾಲಿಸಿ ಪುಡಿ ಬೇರೆ ಮಾಡುವುದು ಅವಳ ಕೆಲಸ. ಮೊಣಕೈಯವರೆಗೂ ಕಪ್ಪು. ನನಗೆ ನೀರು ಕೊಡುವಾಗ ಮಾತ್ರ ಎರಡು ಸಲ ಕೈ ತೊಳೆದುಕೊಳ್ಳುತ್ತಿದ್ದಳು.

ಅವತ್ತು ಹೋದವಳೇ ನಡೆದದ್ದನ್ನೆಲ್ಲ ಹೇಳಿದೆ. ಅಜ್ಜ ಅಂದ ಹಾಗೆ ಅಂದು ತೋರಿಸಿದೆ, ನಾನು ಅಂದ ಹಾಗೆ ಅಂದು ತೋರಿಸಿದೆ. ಅವಳ ಕೈಯಲ್ಲಿದ್ದ ಜಾಲರಿ ನಿಂತಿತು.

"ಯಾರಿಗೆ ಅಂದ್ರಿ ಅಮ್ಮ? ಗಲ್ಲೆ ಮೇಲಿನ ಅಜ್ಜನಿಗಾ?"

"ಇನ್ಯಾರಿಗೆ?"

"ಅಯ್ಯೋ ಅಲ್ಲಾ," ಎಂದಳು. "ಅವ್ರಿಗೆ ಕಣ್ಣು ಕಾಣಲ್ಲ ಅಲ್ವಾ ಅಮ್ಮ."

ನಾನು ನೀರಿನ ಲೋಟ ಕೆಳಗಿಟ್ಟೆ.

"ನಿಮ್ಗೆ ಗೊತ್ತಿಲ್ವಾ? ಇಡೀ ಬೀದಿಗೇ ಗೊತ್ತು. ಹಳೇ ಬೆಳ್ಳಿ ದುಡ್ಡಾಗಿದ್ರೆ ಬೆರಳಲ್ಲೇ ಹೇಳೋರು. ಈ ಹಿತ್ತಾಳೆ ಚೌಕ ಬಂದ ಮೇಲೆ ಪಾಪ, ಒಂದೂ ಗೊತ್ತಾಗಲ್ಲ. ಕಡ್ಮೆ ಬಂದ್ರೆ 'ಅಜ್ಜ, ಇನ್ನೊಂಚೂರು ಬರ್ಬೇಕು' ಅಂತ ಮೆಲ್ಲಗೆ ಅಂತೀವಿ. ಹೆಚ್ಗೆ ಬಂದ್ರೆ ಪೆಟ್ಟಿಗೇಲಿ ಹಾಕಿ ಸರಿಯಾದ್ದು ತಗೊಂಡು ಬರ್ತೀವಿ. ಜೋರಾಗಿ ಯಾರೂ ಹೇಳಲ್ಲ. ಕಣ್ಣು ಹೋಗಿದ್ದು ಗೊತ್ತಾದ್ರೆ ಗಲ್ಲೆಯಿಂದ ಇಳಿಸ್ತಾರೆ ಅಂತ ಅವ್ರಿಗೆ ಹೆದ್ರಿಕೆ."

ಆಮೇಲೆ ನನ್ನನ್ನು ನೋಡದೆ, ಜಾಲರಿಯನ್ನು ನೋಡುತ್ತಾ ಕೇಳಿದಳು: "ನಿಮ್ಗೆ ಯಾವತ್ತೂ ಹೆಚ್ಗೆ ಬರ್ಲೇ ಇಲ್ವಾ ಅಮ್ಮ?"

"ಇಲ್ಲ," ಎಂದೆ.

ಅವಳು ಮತ್ತೆ ಜಾಲಿಸತೊಡಗಿದಳು.

ಲಾರಿಯಿಂದ ಇಳಿದು ನಾನು ಮನೆ ಸೇರುವ ಮೊದಲೇ ಡ್ರೈವರ್ ಸುದ್ದಿಯನ್ನು ಎಸ್ಟೇಟಿನಲ್ಲೆಲ್ಲ ಮುಟ್ಟಿಸಿದ್ದ. ಯಜಮಾನರು ನಗುತ್ತಾ ಮನೆಗೆ ಬಂದರು. "ನಂಗಿಂತ ನೀನೇ ರೈಟರ್ ಆಗ್ಬೇಕಿತ್ತು ಮಾರಾಯ್ತಿ," ಎಂದರು. ಅವರು ನನ್ನನ್ನು ಹೊಗಳುವುದೇ ಅಪರೂಪ.

ಮರುದಿನ ಬೆಳಿಗ್ಗೆ ಅವರು ಕೆಲಸಕ್ಕೆ ಹೋದ ಮೇಲೆ ಡಬ್ಬಿ ತೆಗೆದು ಅಡಿಗೆಮನೆಯ ನೆಲದ ಮೇಲೆ ಸುರಿದೆ. ಚೌಕದವನ್ನೆಲ್ಲ ಆರಿಸಿದೆ; ಹತ್ತು ಇದ್ದವು. ಕಣ್ಣಿಗೆ ಸೆರಗು ಸುತ್ತಿಕೊಂಡು, ಅವನ್ನು ಕಲಸಿ, ಒಂದೊಂದೇ ತೆಗೆದು ಬೆರಳಿನಿಂದ ಸವರಿ, ಅರ್ಧಾಣೆ ಎನಿಸಿದ್ದನ್ನು ಎಡಕ್ಕೆ, ಎರಡಾಣೆ ಎನಿಸಿದ್ದನ್ನು ಬಲಕ್ಕೆ ಇಟ್ಟೆ. ಸೆರಗು ಬಿಚ್ಚಿ ನೋಡಿದರೆ ನಾಲ್ಕು ತಪ್ಪಾಗಿದ್ದವು. ನನ್ನದು ಇಪ್ಪತ್ತಮೂರು ವರ್ಷದ ಬೆರಳು, ಯಾವ ಅವಸರವೂ ಇರಲಿಲ್ಲ, ಮುಂದೆ ಜನ ನಿಂತು ಕೂಗುತ್ತಿರಲಿಲ್ಲ. ಅಜ್ಜ ಹೆಬ್ಬೆರಳಿನಿಂದ ಆ ಅಂಚನ್ನು ಎರಡು ಸುತ್ತು ಸವರಿದ್ದು ಕಣ್ಣ ಮುಂದೆ ಬಂತು. ಅಲ್ಲೇ ನೆಲದ ಮೇಲೆ ಎಷ್ಟು ಹೊತ್ತು ಕೂತಿದ್ದೆನೋ, ಒಲೆಯ ಮೇಲಿನ ಅನ್ನ ಸೀದುಹೋದ ವಾಸನೆ ಬಂದಾಗಲೇ ಎದ್ದದ್ದು.

ಮುಂದಿನ ಸಂತೆಗೆ ಮೂರಾಣೆ ಸೆರಗಿಗೆ ಕಟ್ಟಿಕೊಂಡು ಹೋದೆ. ಗದ್ದಿಗೆಯ ಮೇಲೆ ಅಂಗಡಿಯ ಯಜಮಾನನೇ ಕೂತಿದ್ದ. ತೂಗಲು ಬೇರೆ ಯಾರನ್ನೋ ಇಟ್ಟಿದ್ದ. ಜನ ಸ್ವಲ್ಪ ಕಡಿಮೆಯಾಗುವವರೆಗೂ ಕಾದು ಹತ್ತಿರ ಹೋದೆ.

"ಅಜ್ಜ ಇಲ್ವಾ?" ಎಂದೆ, ಮೆಲ್ಲಗೆ.

"ಕಳಸಕ್ಕೆ ಹೋದ್ರು. ಮಗಳ ಮನೆಗೆ."

"ನಂಗೆ ಅವ್ರ ಕಣ್ಣಿನ ವಿಷ್ಯ ಗೊತ್ತಿರ್ಲಿಲ್ಲ."

"ನಂಗೆ ಗೊತ್ತಿತ್ತಮ್ಮ," ಎಂದ ಅವನು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಒಳ್ಳೆಯದಿತ್ತು. "ಕಣ್ಣು ಹೋಗಿ ಎರಡು ವರ್ಷ ಆಗಿತ್ತು. ಅವ್ರು ನನ್ ಹತ್ರ ಹೇಳಿರ್ಲಿಲ್ಲ, ನಾನೂ ಕೇಳಿರ್ಲಿಲ್ಲ. ವಾರಕ್ಕೆ ಏನೋ ನಾಲ್ಕಾರು ಆಣೆ ಆಚೆ ಈಚೆ ಆಗ್ತಿತ್ತು. ಹೋದ್ರೆ ಹೋಗ್ಲಿ, ಅವ್ರು ಕೂತಿರ್ಲಿ ಅಂತ ಬಿಟ್ಟಿದ್ದೆ. ನಾನೇನೂ ಅವ್ರನ್ನ ಇಳಿಸ್ಲಿಲ್ಲ. ಕಳ್ಳ ಅಂತ ಮಾತು ಬಂದ ಮೇಲೆ ನಾನು ಕೂರಲ್ಲ ಅಂದ್ರು. ಮಾರನೇ ದಿನ ಬಸ್ ಹತ್ತಿದ್ರು."

ಸೆರಗಿನ ಗಂಟು ಬಿಚ್ಚಿ ಮೂರಾಣೆಯನ್ನು ಅವನ ಮುಂದೆ ಇಟ್ಟೆ. "ಎರಡು ಸಲ ನಂಗೆ ಹೆಚ್ಚು ಬಂದಿತ್ತು," ಎಂದೆ. ನನ್ನ ದನಿ ನನಗೇ ಕೇಳಿಸುವಷ್ಟೂ ಇರಲಿಲ್ಲ. ಅವನು 'ಬೇಡಮ್ಮ, ಇರ್ಲಿ' ಎನ್ನಬಹುದು ಎಂದು ನಾನು ಎಣಿಸಿದ್ದೆ. ಹಾಗೆಂದಿದ್ದರೆ ಏನು ಹೇಳಬೇಕೆಂದು ಲಾರಿಯಲ್ಲಿ ಕೂತು ಯೋಚಿಸಿಯೂ ಇದ್ದೆ. ಅವನು ಬೇಡವೆನ್ನಲಿಲ್ಲ. ತೆಗೆದುಕೊಂಡು ಪೆಟ್ಟಿಗೆಗೆ ಹಾಕಿ, ನನ್ನ ಹಿಂದೆ ನಿಂತಿದ್ದವರಿಗೆ "ನಿಮ್ಗೇನು?" ಎಂದು ಕೇಳಿದ.

ಕುಯ್ಲು ಮುಗಿದ ಮೇಲೆ ಯಜಮಾನರಿಗೆ ನಾಲ್ಕು ದಿನ ರಜೆ ಸಿಕ್ಕಿತು. ಅತ್ತಿಗುಂಡಿಗೆ ಹೋಗೋಣ ಎಂದರು; ಈ ಸಲ ಖರ್ಚು ತಮ್ಮದೇ ಎಂದೂ ಹೇಳಿದರು. ನಾನು ಕಳಸಕ್ಕೆ ಹೋಗಬೇಕು, ದೇವರಿಗೆ ಹರಕೆ ಇದೆ ಎಂದೆ. ಅಮ್ಮನನ್ನು ಬಿಟ್ಟು ದೇವರು ಯಾಕೆ ಎಂದು ಅವರಿಗೆ ಆಶ್ಚರ್ಯವಾಯಿತು. ಆದರೂ ಹೋದೆವು. ದೇವಸ್ಥಾನದಲ್ಲಿ ಪೂಜೆ ಮುಗಿಸಿ, ಅವರನ್ನು ಪರಿಚಯದವರ ಜೊತೆ ಮಾತಿಗೆ ಬಿಟ್ಟು, ಕೇಳಿಕೊಂಡು ಕೇಳಿಕೊಂಡು ಅಜ್ಜನ ಮಗಳ ಮನೆಗೆ ಹೋದೆ.

ಜಗಲಿಯಲ್ಲಿ ಚಾಪೆಯ ಮೇಲೆ ಕೂತು ಸೀಗೆಕಾಯಿಯ ಬೀಜ ಬಿಡಿಸುತ್ತಿದ್ದರು. ಬೀಜ ಒಂದು ಕಡೆ, ಸಿಪ್ಪೆ ಒಂದು ಕಡೆ. ಕೈ ಚುರುಕಾಗಿ ಓಡುತ್ತಿತ್ತು. ನನ್ನ ಹೆಜ್ಜೆ ಕೇಳಿ ಮುಖ ಎತ್ತಿದರು.

"ನಾನು ಜಾವಳಿ ಕಡೆ ಎಸ್ಟೇಟಿನ ರೈಟರ ಮನೆಯವಳು," ಎಂದೆ.

ಕೈ ನಿಂತಿತು. "ಹೆಸ್ರು ಹೇಳೋದು ಬೇಡ. ದನಿ ಗೊತ್ತಾಯ್ತು."

ನಾನು ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಹೆಚ್ಚು ಬಂದ ಎರಡು ಸಲದ್ದನ್ನೂ ಹೇಳಿದೆ. ಕೊನೆಯ ದಿನ ಅರ್ಧಾಣೆ ಅವರ ಕೈಯಲ್ಲಿದ್ದಾಗಲೇ ಕಂಡಿತ್ತು, ಆದರೂ ಸುಮ್ಮನಿದ್ದೆ ಎಂಬುದನ್ನೂ ಹೇಳಿದೆ. ಆ ಮಾತು ಹೇಳುವಾಗ ಅವರು ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜುತ್ತಿದ್ದರು. "ನೀವು ಕಳ್ಳರಲ್ಲ ಅಜ್ಜ, ನನ್ನದೇ ತಪ್ಪು," ಎಂದೆ.

ಅವರು ಸೀಗೆಕಾಯಿಯ ರಾಶಿಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಬಂದ ಮಾತಿನಲ್ಲಿ, ನಾನು ಎಂದೂ ಅವರಿಂದ ಕೇಳಿರದ ಬಿರುಸಿತ್ತು.

"ಬೀದಿ ತುಂಬ ಕೇಳೋ ಹಾಗೆ ಕಳ್ಳ ಅಂದ್ರಿ. ಈಗ ನನ್ ಕಿವಿ ಹತ್ರ ಬಂದು ಅಲ್ಲ ಅಂತೀರಿ. ನಾನು ಕಳ್ಳ ಅಲ್ಲ ಅಂತ ನಂಗೆ ಗೊತ್ತಿಲ್ವಾ ತಾಯಿ? ಅದನ್ನ ನಂಗೆ ಹೇಳೋಕೆ ಇಷ್ಟು ದೂರ ಬಂದ್ರಾ?"



"ಅವತ್ತು ನಾನೂ ಬಾಯಿ ಬಿಡ್ಬಹುದಿತ್ತು," ಎಂದರು ಮತ್ತೆ, ಸ್ವಲ್ಪ ತಣ್ಣಗಾಗಿ. "ಕಣ್ಣು ಕಾಣಲ್ಲ ಅಂದ್ರೂ ಇಳಿಸ್ತಾರೆ, ಕಳ್ಳ ಅಂದ್ರೂ ಇಳಿಸ್ತಾರೆ. ಯಾವ್ದನ್ನ ಒಪ್ಕೊಳ್ಲಿ ಅಂತ ಯೋಚ್ನೆ ಮಾಡೋದ್ರಲ್ಲೇ ಬಾಯಿಂದ ತಪ್ಪಾಯ್ತು ಅಂತ ಬಂದುಬಿಡ್ತು. ಎಲ್ರೂ ಅದನ್ನೇ ಹಿಡ್ಕೊಂಡ್ರು."

ಆಮೇಲೆ ಒಳಗೆ ತಿರುಗಿ ಮಗಳನ್ನು ಕರೆದು, ಮೂಡಿಗೆರೆ ಕಡೆಯವರು ಬಂದಿದ್ದಾರೆ, ಮಜ್ಜಿಗೆ ತಾ ಎಂದರು. ಮಗಳು ತಂದಳು. ನಾನು ಯಾರೆಂದು ಅವಳಿಗೆ ಅವರು ಹೇಳಲಿಲ್ಲ. ಅವಳು ನನ್ನನ್ನು ನಗುನಗುತ್ತಾ ಮಾತಾಡಿಸಿದಳು, ಹೋಗುವಾಗ ಕುಂಕುಮ ಕೊಟ್ಟಳು.

ಅಂಗಡಿಯಲ್ಲಿ ಎಲ್ಲರ ಮುಂದೆ ಹೇಳಬೇಕು. ಕಳಸದಿಂದ ಇಳಿಯುವಾಗಲೇ ಅದು ತೀರ್ಮಾನವಾಗಿತ್ತು. ಆದರೆ ಬೈಯುವುದಕ್ಕೆ ಅರೆಗಳಿಗೆಯೂ ಬೇಕಾಗದ ನನಗೆ ಇದಕ್ಕೆ ನಾಲ್ಕು ಸಂತೆ ಬೇಕಾಯಿತು. ಮೊದಲನೆಯ ಸಲ ಅಂಗಡಿಯಲ್ಲಿ ನಮ್ಮ ಎಸ್ಟೇಟಿನ ಆಳುಗಳೇ ತುಂಬಿದ್ದರು. ಇವರ ಮುಂದೆ ರೈಟರ ಮರ್ಯಾದೆ ಹೋಗುತ್ತದೆ ಎಂದುಕೊಂಡು ಬೆಲ್ಲ ತೆಗೆದುಕೊಂಡು ಬಂದೆ. ಎರಡನೆಯ ಸಲ ಜನ ಕಡಿಮೆ ಇದ್ದರು, ಇಷ್ಟು ಕಡಿಮೆ ಜನರ ಮುಂದೆ ಹೇಳಿ ಏನು ಪ್ರಯೋಜನ ಎಂದುಕೊಂಡೆ. ಮೂರನೆಯ ಸಲ ತಲೆನೋವು ಎಂದು ಲಾರಿಯನ್ನೇ ಹತ್ತಲಿಲ್ಲ.

ನಾಲ್ಕನೆಯ ಸಂತೆಯ ದಿನ ಅಂಗಡಿ ತುಂಬಿತ್ತು. ಅಂಗಡಿಯ ಯಜಮಾನ "ಏನ್ ಕೊಡ್ಲಮ್ಮ?" ಎಂದ. ನಾನು ಜನರ ಕಡೆ ತಿರುಗಿದೆ. ಮೆಕ್ಯಾನಿಕ್‌ನ ಹೆಂಡತಿ ಎಣ್ಣೆಯ ಶೀಶೆ ಹಿಡಿದು ಮೂರನೆಯವಳಾಗಿ ನಿಂತಿದ್ದಳು. ಅವಳಿಗೆ ನಾನು 'ಇಲ್ಲ' ಎಂದಿದ್ದೆನಲ್ಲ. ಆದರೂ ಬಾಯಿ ಬಿಟ್ಟೆ.

"ಅವತ್ತು ನಾನು ಇಲ್ಲಿ ಅಜ್ಜನ್ನ ಕಳ್ಳ ಅಂದೆ. ಅವ್ರು ಕಳ್ಳರಲ್ಲ. ಅದಕ್ಕೆ ಮುಂಚೆ ನಂಗೆ ಎಷ್ಟು ಕಡ್ಮೆ ಬಂದಿತ್ತೋ ಅಷ್ಟೇ ಹೆಚ್ಚೂ ಬಂದಿತ್ತು. ಹೆಚ್ಚು ಬಂದಿದ್ದನ್ನ ನಾನು ಹೇಳ್ಲಿಲ್ಲ. ಇಟ್ಕೊಂಡೆ. ಮೂರಾಣೆ."

ಇನ್ನೂ ಏನೇನೋ ಹೇಳಬೇಕೆಂದಿದ್ದೆ, ಅಷ್ಟಕ್ಕೇ ಉಸಿರು ಮುಗಿಯಿತು. ಜನ ಒಬ್ಬರ ಮುಖ ಒಬ್ಬರು ನೋಡಿದರು. ತಲೆಗೆ ಕಂಬಳಿಕೊಪ್ಪೆ ಹಾಕಿದ್ದ ಒಬ್ಬಳು ಆಳಿನ ಹೆಂಗಸು, "ಅಜ್ಜ ಕಳ್ಳ ಅಲ್ಲ ಅನ್ನೋದು ನಮ್ಗೆಲ್ಲ ಗೊತ್ತಿದ್ದಿದ್ದೇ ಅಲ್ವಾ ಅಮ್ಮ," ಎಂದಳು. ಕುಹಕವೇನೂ ಇರಲಿಲ್ಲ. ಹೊಸ ಸುದ್ದಿಯೇನೋ ಎಂದು ಕೇಳಿ, ಅಲ್ಲ ಎಂದು ತಿಳಿದವರ ದನಿ ಅದು. ನನ್ನ ಮಾತಿನಲ್ಲಿ ಅವರಿಗೆ ಹೊಸದಾಗಿದ್ದದ್ದು ಮೂರಾಣೆಯ ಸಂಗತಿ ಮಾತ್ರ. ಹಿಂದಿನಿಂದ ಯಾರೋ "ರೈಟರ ಹೆಂಡ್ತೀನಾ?" ಎಂದು ಕೇಳಿದ್ದೂ, ಇನ್ಯಾರೋ "ಹೂಂ, ಅವ್ರೇ" ಎಂದದ್ದೂ ಕಿವಿಗೆ ಬಿತ್ತು. ಅಂಗಡಿಯ ಯಜಮಾನ ತಲೆ ಬಗ್ಗಿಸಿ ನಾಣ್ಯ ಜೋಡಿಸುತ್ತಿದ್ದ. ಸ್ವಲ್ಪ ಹೊತ್ತಾದ ಮೇಲೆ, "ದೊಡ್ಡಪ್ಪನಿಗೆ ಹೇಳಿ ಕಳಿಸ್ತೀನಿ," ಎಂದ. ಈ ಸುದ್ದಿಯನ್ನು ಮಾತ್ರ ಯಾರೂ ನನ್ನ ಯಜಮಾನರಿಗೆ ಮುಟ್ಟಿಸಲಿಲ್ಲ.

ಶೆಡ್ಡಿನ ಹಿಂದಿನ ಮನೆಗೆ ಹೋಗುವುದೋ ಬೇಡವೋ ಎಂದು ಅನುಮಾನಿಸುತ್ತಾ ಹೋದೆ. ಅವಳು ಎಂದಿನ ಹಾಗೆ ಎರಡು ಸಲ ಕೈ ತೊಳೆದು ನೀರು ಕೊಟ್ಟಳು.

"ನಿಮ್ಗೆ ಸುಳ್ಳು ಹೇಳಿದ್ದೆ," ಎಂದೆ.

"ಗೊತ್ತಿತ್ತು," ಎಂದಳು. "ನಾನು ಕೇಳಿದ್ ಕೂಡ್ಲೆ ನೀವು ಸೆರಗು ಹಿಡ್ಕೊಂಡ್ರಿ." ಅಷ್ಟು ಹೇಳಿ ಲೋಟ ತೆಗೆದುಕೊಂಡು ಒಳಗೆ ಹೋದಳು. ಆಮೇಲೂ ನಾನು ಎಷ್ಟೋ ವರ್ಷ ಅವಳ ಮನೆಯಲ್ಲಿ ಕೂತಿದ್ದೇನೆ, ಅವಳ ಮಗಳ ಮದುವೆಗೂ ಹೋಗಿದ್ದೇನೆ. ಆದರೆ ಅಲ್ಲಿಂದ ಮುಂದೆ ನನ್ನ ಹತ್ತಿರ ಅವಳು ಬೇರೆಯವರ ಮನೆಯ ಗುಟ್ಟು ಒಂದನ್ನೂ ಹೇಳಲಿಲ್ಲ.

ಅಜ್ಜ ಗದ್ದಿಗೆಗೆ ಮರಳಲಿಲ್ಲ. ಅಂಗಡಿಯ ಯಜಮಾನ ಎರಡು ಸಲ ಕಳಸಕ್ಕೆ ಹೋಗಿ ಕರೆದನಂತೆ. ಯುದ್ಧ ಮುಗಿದ ವರ್ಷ, ಅವನ ಮಗಳ ನಾಮಕರಣಕ್ಕೆಂದು ಒಮ್ಮೆ ಬಂದಿದ್ದರು. ಅವತ್ತೂ ಸಂತೆಯೇ. ಲಾರಿಯಿಂದ ಇಳಿಯುವಾಗ ನೋಡಿದೆ: ಅಂಗಡಿಯ ಹೊರಗೆ ಬೆಂಚಿನ ಮೇಲೆ ಅಜ್ಜ ಕೂತಿದ್ದಾರೆ, ಸುತ್ತ ನಾಲ್ಕಾರು ಜನ. ಯಾರೋ ಅವರ ಕೈ ಹಿಡಿದುಕೊಂಡು ಏನೋ ಹೇಳುತ್ತಿದ್ದಾರೆ, ಅವರು ಹಿಂದಕ್ಕೆ ವಾಲಿ ಬಾಯಿತುಂಬ ನಗುತ್ತಿದ್ದಾರೆ. ಗದ್ದಿಗೆಯ ಮೇಲಿದ್ದಾಗ ಅವರು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ.

ಹೋಗಿ ಮಾತಾಡಿಸಬೇಕು ಎಂದು ನಾಲ್ಕು ಹೆಜ್ಜೆ ಇಟ್ಟೆ. ನಾನು ಬಾಯಿ ತೆರೆದ ಕೂಡಲೇ ಅವರಿಗೆ ದನಿ ಗೊತ್ತಾಗುತ್ತದೆ. ಗೊತ್ತಾದ ಮೇಲೆ ಆ ನಗು ಏನಾಗುತ್ತದೆ ಎಂದು ಯೋಚಿಸಿ ನಿಂತೆ. ಅವರ ನಗುವನ್ನು ಕಾಪಾಡಲು ನಿಂತೆನೋ, ನನ್ನ ಮುಖ ಉಳಿಸಿಕೊಳ್ಳಲು ನಿಂತೆನೋ, ಇವತ್ತಿಗೂ ನನಗೆ ಸ್ಪಷ್ಟವಿಲ್ಲ. ಬೀದಿಯ ಆ ಬದಿಗೆ ದಾಟಿ, ಬೇರೆ ಅಂಗಡಿಯಲ್ಲಿ ಒಂದು ಸೇರು ಬೇಳೆ, ಅರ್ಧ ಸೇರು ಬೆಲ್ಲ ಕಟ್ಟಿಸಿಕೊಂಡು, ಅವರ ಹಿಂಬದಿಯಿಂದ ಸದ್ದಿಲ್ಲದೆ ಲಾರಿಗೆ ಹೋಗಿ ಕೂತೆ. ಮರುವರ್ಷ ಅವರು ಕಳಸದಲ್ಲೇ ತೀರಿಕೊಂಡರು.